ಸೋರೆಬುರುಡೆಯಿಂದ ಗಿಟಾರ್ ಕಿಟ್‌ವರೆಗೆ

ಗಿಟಾರಿನ ಮೇಲ್ಹಲಗೆ, ಬಗ್ಗಿಸಿಟ್ಟ ಪಕ್ಕದ ಹಲಗೆ, ಕತ್ತು, ಗರಗಸದ ಗೆರೆ ಎಳೆದ ಬೆರಳುಪಟ್ಟಿ, ಫ್ರೆಟ್ ತಂತಿ, ಕೀಲಿಗಳು ಎಲ್ಲವೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಜೊತೆಗೊಂದು ಸೂಚನೆಯ ಪುಸ್ತಕ. ಇದಕ್ಕೆ ಕಿಟ್ ಎಂದು ಹೆಸರು. ಬಡಗಿ ಕೆಲಸದ ಗಂಧಗಾಳಿ ಇಲ್ಲದವರೂ ಬಿಡುವಿನ ಹೊತ್ತಿನಲ್ಲಿ ಕೂತು, ಕೆಲವು ವಾರ ಅಂಟು ಹಾಕಿ, ಉಜ್ಜಿ, ತಂತಿ ಬಿಗಿದು ಒಂದು ಗಿಟಾರನ್ನು ನುಡಿಸುವ ಹದಕ್ಕೆ ತರಬಹುದು ಎಂಬುದು ಅದರ ಭರವಸೆ. ಈ ಭರವಸೆಯ ಬಗ್ಗೆ ಕಸುಬು ಬಲ್ಲವರ ತೀರ್ಪು ಸಾಮಾನ್ಯವಾಗಿ ಕಟುವಾಗಿರುತ್ತದೆ: ಬೇರೆಯವರು ಮಾಡಿಟ್ಟದ್ದನ್ನು ಇವರು ಜೋಡಿಸಿದ್ದಾರೆ, ಅಷ್ಟೇ, ವಾದ್ಯ ಮಾಡುವುದೆಂದರೆ ಮರ ಕಡಿಯುವಲ್ಲಿಂದ ತಂತಿ ಮಿಡಿಯುವವರೆಗೆ ಒಬ್ಬರ ಕೈಯಲ್ಲಿ ಆಗಬೇಕಾದ ಕೆಲಸ. ಈ ತೀರ್ಪಿನ ಹಿಂದೆ ಚರಿತ್ರೆಯ ಬಗ್ಗೆ ಒಂದು ನಂಬಿಕೆ ಅಡಗಿದೆ. ಹಿಂದೆ ವಾದ್ಯಗಳು ಹಾಗೆ ಒಂದೇ ಕೈಯಲ್ಲಿ ಹುಟ್ಟುತ್ತಿದ್ದವು, ಕೈಗಾರಿಕೆ ಬಂದ ಮೇಲೆ ಭಾಗ ಭಾಗವಾದವು ಎಂಬ ನಂಬಿಕೆ ಅದು. ಕೋಲಾರ ಸೀಮೆಯ, ಅದರಲ್ಲೂ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ವಾದ್ಯಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ಕೈಗೆ ಸಿಕ್ಕಿದ ವಾದ್ಯಗಳೆಲ್ಲ ಎಂದಿನಿಂದಲೂ ಹಲವು ಊರು, ಹಲವು ಜಾತಿ, ಹಲವು ಕಸುಬುಗಳ ಬಿಡಿಭಾಗಗಳು ಒಂದೆಡೆ ಸೇರಿ ಆದವು. ಕಡೆಯ ಜೋಡಣೆಯೂ ಶ್ರುತಿಯ ಹದವೂ ಬಹುಮಟ್ಟಿಗೆ ನುಡಿಸುವವರ ಪಾಲಿಗೇ ಬಿಟ್ಟಿದ್ದವು. ಕಿಟ್ ಆ ಹಳೆಯ ಏರ್ಪಾಟಿನ ಹೊಸ ರೂಪ ಎಂಬುದು ಈ ಬರಹದ ವಾದ.

ಮೈಸೂರು ಸಂಸ್ಥಾನದ ವಾದ್ಯಗಳ ಚರಿತ್ರೆ ಬರೆಯುವವರು ಅರಮನೆಯಿಂದಲೇ ಶುರು ಮಾಡುತ್ತಾರೆ. ವೀಣೆ ಶೇಷಣ್ಣ, ಸುಬ್ಬಣ್ಣನವರ ಕಾಲದ ಮೈಸೂರು, ದಂತದ ಕುಸುರಿ, ಬೀಟೆಯ ಹೊಳಪು ಎಂದು ಅದು ಬೆಳೆಯುತ್ತದೆ. ಕೋಲಾರದ ಬಯಲು ಆ ಚಿತ್ರದಲ್ಲಿ ಬರುವುದೇ ಇಲ್ಲ. ಇದು ಚಿನ್ನ, ರೇಷ್ಮೆ, ಹಾಲು, ಮಾವಿನ ಸೀಮೆ ಎಂದಷ್ಟೇ ಹೆಸರು. ಆದರೆ ಸಂಗೀತಕ್ಕೆ ಇಲ್ಲಿ ಬರವಿರಲಿಲ್ಲ. ಮುಳಬಾಗಿಲಿನ ಹತ್ತಿರದ ನರಸಿಂಹತೀರ್ಥದಲ್ಲಿ 15ನೆಯ ಶತಮಾನದಲ್ಲಿ ಶ್ರೀಪಾದರಾಜರು ಕನ್ನಡದಲ್ಲಿ ದೇವರನಾಮಗಳನ್ನು ಕಟ್ಟಿ ಹಾಡಿಸಿದರು. ದಾಸಸಾಹಿತ್ಯಕ್ಕೆ ಅಲ್ಲೊಂದು ಗಟ್ಟಿ ತಳಪಾಯ ಬಿತ್ತು. ಶ್ರೀನಿವಾಸಪುರಕ್ಕೆ ನೆರೆಯ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ, ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಕೈವಾರ ತಾತಯ್ಯನಾಗಿ ತೆಲುಗು, ಕನ್ನಡ ಎರಡರಲ್ಲೂ ತತ್ವಪದ ಹಾಡಿದರು. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1726ರಿಂದ 1836. ಇಂದಿಗೂ ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂಗೀತೋತ್ಸವ ನಡೆಯುತ್ತದೆ. ಶ್ರೀನಿವಾಸಪುರವೆಂಬ ಹೆಸರೂ ತಾತಯ್ಯನವರ ಕಾಲದ್ದೇ. ಪಾಪನಪಲ್ಲಿ ಎಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರೆಂದು ಗೆಜೆಟಿಯರ್ ಹೇಳುತ್ತದೆ. ಪಲ್ಲಿ ಹೋಗಿ ಪುರ ಬಂದರೂ ಸಂತೆಯಲ್ಲಿ ತೆಲುಗು, ಕನ್ನಡ ಎರಡು ನುಡಿಗಳೂ ಉಳಿದವು. ಹಾಡುವವರ ಕೈಯ ತಂಬೂರಿಯೂ ಉಳಿಯಿತು.

ಆ ತಂಬೂರಿಯನ್ನು ಮಾಡಿದವರು ಯಾರು? ಸೋರೆಬುರುಡೆ ಹಿತ್ತಲ ಬೇಲಿಯದು. ಕಾಯಿ ಬಳ್ಳಿಯಲ್ಲೇ ಬಲಿತು ಒಣಗಬೇಕು, ತಿರುಳು ತೆಗೆದು ಹೊಗೆಗೆ ಕಟ್ಟಬೇಕು. ಅದನ್ನು ಬೆಳೆದದ್ದು ರೈತರ ಮನೆಯ ಹೆಂಗಸರು. ದಂಡಿಗೆ ಬಿದಿರು ಅಥವಾ ಮರ, ಅದನ್ನು ಹದ ಮಾಡಿಕೊಟ್ಟದ್ದು ಊರ ಬಡಗಿ ಅಥವಾ ಬಿದಿರು ಕೆಲಸದವರು. ತಂತಿಯಂತೂ ಊರಲ್ಲಿ ಆಗುವ ವಸ್ತುವೇ ಅಲ್ಲ. ಹಿತ್ತಾಳೆಯದಾಗಲಿ ಉಕ್ಕಿನದಾಗಲಿ ಪೇಟೆಯಿಂದ ಬರಬೇಕಿತ್ತು. ಇವನ್ನೆಲ್ಲ ಒಟ್ಟು ಮಾಡಿ, ಬಿರಡೆ ತಿರುವಿ, ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಸರಿಸಿ ಜೀವಾಳ ತಂದು, ತನ್ನ ಕಂಠಕ್ಕೆ ಹೊಂದುವ ಆಧಾರ ಶ್ರುತಿಗೆ ನಿಲ್ಲಿಸಿದ್ದು ಹಾಡುವವನು. ಇಲ್ಲಿ 'ತಯಾರಕ' ಎಂದು ಒಬ್ಬರ ಕಡೆ ಬೆರಳು ತೋರಿಸಲು ಆಗದು. ತೋರಿಸಲೇಬೇಕೆಂದರೆ ಆ ಬೆರಳು ಕಡೆಗೆ ಜೋಡಿಸಿದವನ ಕಡೆಗೇ ಹೋಗುತ್ತದೆ. ಬುರುಡೆ ಬೆಳೆದವರಿಗೆ ಅದು ತರಕಾರಿಯ ಬೀಜಕ್ಕೆ ಬಿಟ್ಟ ಕಾಯಿ, ಬಡಗಿಗೆ ದಂಡಿ ಒಂದು ಗಳು. ಅವು ವಾದ್ಯವಾಗುವುದು ಶ್ರುತಿ ನಿಂತ ಗಳಿಗೆಯಲ್ಲಿ.

ತಮಟೆಯ ಮಾತು ಇನ್ನೂ ನಿಚ್ಚಳ. ಕೋಲಾರ ಸೀಮೆಯ ನಾದವೆಂದರೆ ಮೊದಲು ತಮಟೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಅದರಿಂದಲೇ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರ ಆದಿಮ ಕೇಂದ್ರ ನಡೆಸಿದ ಹುಣ್ಣಿಮೆ ಹಾಡಿನ ರಾತ್ರಿಗಳು ನೆಲದ ಇಂಥ ನಾದಗಳನ್ನೇ ನೆಚ್ಚಿ ನಿಂತವು. ತಮಟೆಗೆ ಬಳೆಯೊಂದು, ಚರ್ಮವೊಂದು. ಬಳೆ ಬಡಗಿಯದೋ ಕಮ್ಮಾರನದೋ. ಚರ್ಮ ಹದ ಮಾಡಿ ಬಿಗಿದವರು ದಲಿತರು, ಹೆಚ್ಚಾಗಿ ನುಡಿಸುವವರೂ ಅವರೇ. ಬಿಗಿದರೆ ಮುಗಿಯಲಿಲ್ಲ, ಪ್ರತಿ ಸಲವೂ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ, ಮತ್ತೆ ಕಾಯಿಸಿ ಹದ ತರಬೇಕು. ಮಳೆಗಾಲದ ಜಾತ್ರೆಗೆ ಬೆಂಕಿ ಹೆಚ್ಚು, ಬೇಸಿಗೆಗೆ ಕಡಿಮೆ. ಅಂದರೆ ಈ ವಾದ್ಯ ಎಂದೂ 'ಮಾಡಿ ಮುಗಿಸಿದ' ವಸ್ತುವಲ್ಲ, ದಿನವೂ ಕೊನೆಯ ಹಂತ ಬಾಕಿ ಇರುವ ವಸ್ತು. ಈಗ ಫೈಬರ್ ಹೊದಿಕೆಯ ತಮಟೆ ಬಂದಿದೆ; ಅದಕ್ಕೆ ಬೆಂಕಿ ಬೇಡ. ಬೇಡವೆಂಬುದು ಅನುಕೂಲವೂ ಹೌದು, ಆದರೆ ನುಡಿಸುವವರ ಕೈಯಲ್ಲಿದ್ದ ತಯಾರಿಕೆಯ ತುಣುಕೊಂದು ಕಾರ್ಖಾನೆಗೆ ಹೋಯಿತು ಎಂಬುದೂ ನಿಜ. ವಾದ್ಯದ ಕಸುಬು ಉಳಿಯಿತೇ ಅಳಿಯಿತೇ ಎಂದು ಕೇಳುವುದಕ್ಕಿಂತ, ಅದರ ಯಾವ ತುಣುಕು ಈಗ ಯಾರ ಕೈಯಲ್ಲಿದೆ ಎಂದು ಕೇಳಿದರೆ ಚರಿತ್ರೆ ಹೆಚ್ಚು ಅರ್ಥವಾಗುತ್ತದೆ.

ತಂಬೂರಿ, ತಮಟೆಗಳು ಸರಳ ವಾದ್ಯಗಳು, ಅವುಗಳಲ್ಲಿ ಹೀಗಿದ್ದರೆ ಆಶ್ಚರ್ಯವಿಲ್ಲ, ವೀಣೆಯಂಥ ಶಾಸ್ತ್ರೀಯ ವಾದ್ಯದಲ್ಲಿ ಹೀಗಾಗದು ಎಂಬ ಮಾತು ಏಳಬಹುದು. ವೀಣೆಯೇ ನನ್ನ ಪಕ್ಷಕ್ಕೆ ದೊಡ್ಡ ಸಾಕ್ಷಿ. ಬಯಲುಸೀಮೆಯ ಈ ಭಾಗದಲ್ಲಿ ವೀಣೆಗೆ ಹೆಸರಾದ ಊರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ. ಅಲ್ಲಿ ಹಲವು ದಶಕಗಳಿಂದ ಹಲಸಿನ ಮರದಲ್ಲಿ ವೀಣೆ ಕೆತ್ತುವ ಕುಟುಂಬಗಳಿವೆ. ಹಲಸಿಗೇ ಹೆಸರಾದ ತೂಬಗೆರೆ ಅದೇ ತಾಲ್ಲೂಕಿನದು. ಬಲಿತ ಹಲಸಿನ ದಿಮ್ಮಿಯನ್ನು ತೋಡಿ ಕೊಡ ಮಾಡುತ್ತಾರೆ; ಅದಕ್ಕೆ ದಂಡಿ, ದಂಡಿಯ ತುದಿಗೆ ಯಾಳಿ. ಕೊಡ, ದಂಡಿ, ಯಾಳಿ ಮೂರೂ ಒಂದೇ ಮರದ ತುಂಡಿನಿಂದ ಬಂದರೆ ಅದಕ್ಕೆ ಏಕಾಂಡ ವೀಣೆ ಎಂಬ ವಿಶೇಷ ಹೆಸರು, ವಿಶೇಷ ಬೆಲೆ. ಹಾಗೆ ಬೇರೆಯೇ ಹೆಸರಿಟ್ಟು ಕರೆಯಬೇಕಾಯಿತು ಎಂದರೆ ಸಾಮಾನ್ಯ ವೀಣೆ ತುಂಡುಗಳ ಜೋಡಣೆಯೇ ಎಂದಾಯಿತಲ್ಲ. ಏಕಾಂಡದಲ್ಲೂ ಒಂದೇ ಆಗಿರುವುದು ಮರ ಮಾತ್ರ. ಎರಡನೆಯ ಬುರುಡೆ ಸೋರೆಯದು. ಈಗ ಬಹುಪಾಲು ವೀಣೆಗಳಲ್ಲಿ ಅದು ಕಾಗದದ ರೊಟ್ಟಿನದೋ ಫೈಬರಿನದೋ ಆಗಿದೆ. ಮೆಟ್ಟಿಲು ಹಿತ್ತಾಳೆ ಕಂಚಿನ ಕೆಲಸದವರದು. ತಂತಿ ಪೇಟೆಯದು. ಕುದುರೆಯ ಮೇಲಿನ ಲೋಹದ ಪಟ್ಟಿ ಇನ್ನೊಬ್ಬರದು. ಕುಸುರಿ ಮತ್ತೊಬ್ಬರದು.

ಇವೆಲ್ಲ ಸೇರಿದ ಮೇಲೂ ವೀಣೆ ಮೂಕ. ಅದಕ್ಕೆ ಮೇಳ ಕಟ್ಟಬೇಕು. ಜೇನುಮೇಣಕ್ಕೆ ಮಸಿ ಬೆರೆಸಿ ಕಾಯಿಸಿ, ದಂಡಿಯ ಮೇಲೆ ಎರಡು ದಿಂಡು ಹಾಕಿ, ಅದರ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುವುದೇ ಮೇಳ. ಸಾರಣಿ ತಂತಿ ಮಿಡಿದು, ಕಿವಿಗೊಟ್ಟು, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಸ್ವರಸ್ಥಾನ ಕಂಡುಕೊಳ್ಳಬೇಕು. ವೀಣೆಗೆ ಹೀಗೆ 24 ಮೆಟ್ಟಿಲು ಸ್ಥಿರವಾದದ್ದು 17ನೆಯ ಶತಮಾನದ ತಂಜಾವೂರಿನಲ್ಲಿ, ರಘುನಾಥ ನಾಯಕನ ಕಾಲದಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಸ್ಥಿರವೆಂದರೂ ಮೇಣದ ಮೇಲಿನ ಸ್ಥಿರತೆ. ಕೆಲವು ವರ್ಷಕ್ಕೆ ಮೇಣ ಬಿರುಕು ಬಿಡುತ್ತದೆ, ಸೆಕೆಗೆ ಮೆತ್ತಗಾಗುತ್ತದೆ, ಮತ್ತೆ ಮೇಳ ಕಟ್ಟಿಸಬೇಕು. ಈ ಕೆಲಸ ಬಲ್ಲವರು ಮರಗೆಲಸದವರೇ ಆಗಿರಬೇಕೆಂದಿಲ್ಲ. ವೈಣಿಕರೇ ಮೇಳ ಕಟ್ಟಿಕೊಂಡದ್ದೂ ಉಂಟು. ಕೆತ್ತುವ ಊರು ಒಂದು, ನಾದ ಕೂರಿಸುವ ಕಿವಿ ಇನ್ನೊಂದು. ಕನ್ನಡದಲ್ಲಿ ಇದಕ್ಕೆ 'ಕಟ್ಟುವುದು' ಎಂಬ ಕ್ರಿಯಾಪದವೇ ಬಳಕೆಯಲ್ಲಿರುವುದು ಕಾಕತಾಳೀಯವಲ್ಲ. ಮೇಳ ಕಟ್ಟುತ್ತೇವೆ, ಪದ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ. ಇಟ್ಟಿಗೆಯನ್ನು ನಾವೇ ಸುಟ್ಟಿರಬೇಕು ಎಂದು ಯಾರೂ ಕೇಳುವುದಿಲ್ಲ.

ಕಿಟ್‌ಗೆ ಇನ್ನೂ ಹತ್ತಿರದ ಪೂರ್ವಜ ಹಾರ್ಮೋನಿಯಂ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡದ ಊರು ಹುಡುಕುವುದು ಕಷ್ಟ. ಹಾರ್ಮೋನಿಯಂ ಮೇಷ್ಟ್ರಿಲ್ಲದೆ ಕುರುಕ್ಷೇತ್ರವಿಲ್ಲ. ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು, ರೈತರಿಗೆ ಮಟ್ಟು ಕಲಿಸಿ, ದುರ್ಯೋಧನ ಭೀಮರನ್ನು ತಯಾರು ಮಾಡುತ್ತಾರೆ. ಆ ಪೆಟ್ಟಿಗೆ ಫ್ರಾನ್ಸಿನಲ್ಲಿ ಹುಟ್ಟಿ ಮಿಷನರಿಗಳ ಜೊತೆ ಬಂದದ್ದು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಮಾರ್ಪಡಿಸಿದ್ದು 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್. ಭಾರತದ ಹಾರ್ಮೋನಿಯಂ ಕಾರ್ಯಾಗಾರಗಳು ಮೊದಲಿನಿಂದಲೂ ನಡೆದದ್ದು ಬಿಡಿಭಾಗದ ಲೆಕ್ಕದಲ್ಲೇ. ಸ್ವರದ ರೀಡುಗಳು ಮೊದಲು ಯೂರೋಪಿನಿಂದ ಬಂದವು, ಆಮೇಲೆ ಗುಜರಾತಿನ ಪಾಲಿತಾಣಾದಿಂದ. ಪೆಟ್ಟಿಗೆ, ತಿದಿ, ಬೆರಳು ಒತ್ತುವ ಮನೆಗಳು ಬೇರೆ ಬೇರೆ ಕಡೆಯವು. ಕೂಡಿಸಿ ಶ್ರುತಿ ಕೆರೆದವನೇ ತಯಾರಕ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಹಾದು ಚಿಕ್ಕಬಳ್ಳಾಪುರದ ಕಡೆ ಹೋಗುವ ಕಿರುಗೇಜು ರೈಲು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಓಡತೊಡಗಿತು. ಪೇಟೆಯ ಸಾಮಾನು ಬಿಡಿಯಾಗಿ ಹಳ್ಳಿ ಮುಟ್ಟುವ ದಾರಿಗಳಲ್ಲಿ ಅದೂ ಒಂದಾಯಿತು. ಬಿಡಿಯಾಗಿ ಬಂದದ್ದು ಬಿಡಿಯಾಗಿಯೇ ರಿಪೇರಿಯಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರ ಚೀಲದಲ್ಲಿ ಸಣ್ಣ ಸ್ಕ್ರೂ ಡ್ರೈವರ್, ಕೆರೆಯುವ ಚೂಪು ಕಡ್ಡಿ ಇರುತ್ತಿದ್ದುದು ಅದಕ್ಕೇ. ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ವಿದೇಶಿ, ಗಮಕಕ್ಕೆ ಒಗ್ಗದ್ದು ಎಂದು ಹೊರಗಿಟ್ಟು, 1971ರವರೆಗೂ ಬಾಗಿಲು ತೆರೆಯಲಿಲ್ಲ. ಆ ಮೂರು ದಶಕವೂ ಕೋಲಾರದ ಹಳ್ಳಿ ರಂಗಮಂಚ ಅದನ್ನೇ ನೆಚ್ಚಿಕೊಂಡಿತ್ತು. ಗಿಟಾರ್ ಹೊರಗಿನದು, ಅದರ ಮಾತು ಇಲ್ಲೇಕೆ ಎನ್ನುವವರಿಗೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ.

ಗಿಟಾರಿಗೂ ಈ ಜಿಲ್ಲೆ ತೀರ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರ ಚಿನ್ನದ ಗಣಿಗೆ ಬಂದ ಮೇಲೆ ಅಲ್ಲೊಂದು ಇಂಗ್ಲಿಷ್ ಊರೇ ಬೆಳೆಯಿತು. ಕ್ಲಬ್ಬು, ಚರ್ಚು, ಆಂಗ್ಲೋ ಇಂಡಿಯನ್ ಕುಟುಂಬಗಳ ನೃತ್ಯಕೂಟಗಳ ಜೊತೆ ಪಾಶ್ಚಾತ್ಯ ವಾದ್ಯಗಳು ಗಣಿಯ ಸುತ್ತ ನೆಲೆಯೂರಿದವು. ಆದರೆ ಅವು ಮಾಡಿ ಮುಗಿಸಿದ ರೂಪದಲ್ಲಿ ಹಡಗಿಳಿದವು. ಒಡೆದರೆ ಮದರಾಸಿಗೋ ಬೆಂಗಳೂರಿಗೋ ಒಯ್ಯಬೇಕು. ತಂಬೂರಿ, ಹಾರ್ಮೋನಿಯಂಗಳು ಹಳ್ಳಿಯೊಳಗೆ ಇಳಿದಂತೆ ಗಿಟಾರ್ ಇಳಿಯದಿರಲು ಸಂಗೀತದ ರುಚಿಯೊಂದೇ ಕಾರಣವಲ್ಲ, ಅದರ ಒಳಗನ್ನು ಬಿಚ್ಚಿ ನೋಡಿದವರು ಇಲ್ಲಿ ಇರಲಿಲ್ಲವೆಂಬುದೂ ಕಾರಣ ಎಂದು ನನಗೆ ಅನಿಸುತ್ತದೆ. 

ಈಗ ಕಿಟ್‌ನ ಒಳಗೆ ನೋಡೋಣ. ಹೊಸಬರಿಗೆ ಸುಲಭವಾಗಲೆಂದು ಅದರಲ್ಲಿ ಮಾಡಿಟ್ಟಿರುವುದು ಯಾವುದು, ಬಿಟ್ಟಿರುವುದು ಯಾವುದು? ಪಕ್ಕದ ಹಲಗೆಯನ್ನು ಬಿಸಿಗೆ ಬಗ್ಗಿಸಿಟ್ಟಿರುತ್ತಾರೆ, ಏಕೆಂದರೆ ಅಲ್ಲಿ ಹೊಸಬರು ಮರ ಮುರಿಯುತ್ತಾರೆ. ಫ್ರೆಟ್‌ನ, ಅಂದರೆ ಗಿಟಾರಿನ ಮೆಟ್ಟಿಲಿನ, ಗೆರೆಗಳನ್ನು ಯಂತ್ರದಲ್ಲಿ ಕೊಯ್ದಿರುತ್ತಾರೆ. ಉಳಿದದ್ದರಲ್ಲಿ ಮುಖ್ಯವಾದದ್ದು ಮೇಲ್ಹಲಗೆಯ ಕೆಲಸ. ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ಸ್ಪ್ರೂಸ್ ಹಲಗೆಯ ಒಳಮೈಗೆ ತೆಳು ಪಟ್ಟಿಗಳನ್ನು ಅಂಟಿಸಿ, ಉಳಿಯಿಂದ ಸವರಿ ಹಗುರ ಮಾಡಬೇಕು. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ಒಬ್ಬ ದೊಡ್ಡ ಆಳಿನ ತೂಕ. ಅದನ್ನು ಹೊತ್ತೂ ಕಂಪಿಸುವಷ್ಟು ಹಲಗೆ ಸಡಿಲವಿರಬೇಕು. ಹೆಚ್ಚು ಸವರಿದರೆ ಹೊಟ್ಟೆ ಉಬ್ಬುತ್ತದೆ, ಕಡಿಮೆ ಸವರಿದರೆ ನಾದ ಸತ್ತಿರುತ್ತದೆ. ಬೆರಳಲ್ಲಿ ತಟ್ಟಿ ಕೇಳುತ್ತ ಸವರುವುದೇ ದಾರಿ. ತಮಟೆಯವರು ಬೆಂಕಿಯ ಮುಂದೆ ಮಾಡುವುದೂ ಇದನ್ನೇ. ಮೇಲ್ಹಲಗೆಯೇ ಗಿಟಾರಿನ ಜೀವ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ. ಇಂದಿನ ಗಿಟಾರಿಗೆ ರೂಪ ಕೊಟ್ಟ ಸ್ಪೇನಿನ ಆಂಟೋನಿಯೋ ಡಿ ಟೊರೆಸ್ 1862ರಲ್ಲಿ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರೊಟ್ಟಿನಲ್ಲೇ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿದ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ವೀಣೆಯ ಕಾಗದದ ಬುರುಡೆ ಕಂಡು ಮೂಗು ಮುರಿಯುವವರು ಇದನ್ನೂ ನೆನೆಯಬೇಕು. ಹಾಗಾದರೆ ಕಿಟ್ ಕಳಿಸುವವರು ಹೆಚ್ಚು ಶ್ರಮದ, ಕಡಿಮೆ ನಾದದ ಕೆಲಸವನ್ನು ತಾವಿಟ್ಟುಕೊಂಡು, ನಾದವನ್ನು ತೀರ್ಮಾನಿಸುವ ಕೆಲಸವನ್ನು ಹೊಸಬರ ಕೈಗೆ ಬಿಟ್ಟಿದ್ದಾರೆ. ಸಿಂಪಾಡಿಪುರದವರು ಕೊಡ ತೋಡಿ, ಮೇಳ ಕಟ್ಟುವವರು ಮೇಣ ಕಾಯಿಸುವ ಶ್ರಮವಿಭಜನೆಯೇ ಇದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಫ್ರೆಟ್‌ಗಳ ಬಗೆಗಿನದು. ಮೇಳ ಕಟ್ಟುವವರು ಕಿವಿಯಿಂದ ಸ್ವರ ಹುಡುಕಿದರು. ಕಿಟ್‌ನಲ್ಲಿ ಸ್ವರಸ್ಥಾನ ಮೊದಲೇ ಕೊಯ್ದು ಬಂದಿದೆ, ಅದೂ ಬರಿಯ ಭಾಗಾಕಾರದಿಂದ. ತಂತಿಯ ಉದ್ದ 645 ಮಿಲಿಮೀಟರ್ ಆದರೆ ಅದನ್ನು 17.817ರಿಂದ ಭಾಗಿಸು, 36.2 ಬಂತು, ಅಲ್ಲಿ ಮೊದಲ ಫ್ರೆಟ್, ಉಳಿದ 608.8ನ್ನು ಮತ್ತೆ ಭಾಗಿಸು, ಎರಡನೆಯದು. ಹೀಗೆ ಹೋಗಿ 12ನೆಯದು ಸರಿಯಾಗಿ ಅರ್ಧಕ್ಕೆ ಬೀಳುತ್ತದೆ. ಇಲ್ಲಿ ಕಿವಿಗೆ ಕೆಲಸವೆಲ್ಲಿ? ಆಕ್ಷೇಪ ಅರ್ಧ ಸರಿ. ಆದರೆ ಲೆಕ್ಕದಿಂದ ಫ್ರೆಟ್ ಇಡುವುದು ಯಂತ್ರಯುಗದ ಸೋಮಾರಿತನವಲ್ಲ. ಗೆಲಿಲಿಯೋನ ತಂದೆ ವಿನ್ಚೆಂಜೋ ಗೆಲಿಲೈ 1581ರಲ್ಲೇ 18ರಿಂದ ಭಾಗಿಸುವ ಸೂತ್ರವನ್ನು ತಂತಿವಾದ್ಯಗಳಿಗೆ ಬರೆದಿಟ್ಟಿದ್ದ. ಕೈಗೆಲಸದ ದೊಡ್ಡ ದೊಡ್ಡ ಗಿಟಾರ್ ಕುಶಲಿಗಳೂ ಅಳತೆಪಟ್ಟಿ ನೋಡಿಯೇ ಗೆರೆ ಕೊಯ್ಯುತ್ತಾರೆ. ಇನ್ನೊಂದು, ಲೆಕ್ಕ ಕೊಡುವುದು ಆದರ್ಶದ ತಂತಿಯ ಸ್ಥಾನ. ನಿಜವಾದ ಉಕ್ಕಿನ ತಂತಿ ಒತ್ತಿದಾಗ ಬಿಗಿಯುತ್ತದೆ, ಸ್ವರ ಏರುತ್ತದೆ. ಹಾಗಾಗಿ ಬ್ರಿಡ್ಜನ್ನು, ಅಂದರೆ ಗಿಟಾರಿನ ಕುದುರೆಯನ್ನು, ಲೆಕ್ಕಕ್ಕಿಂತ ಎರಡು ಮೂರು ಮಿಲಿಮೀಟರ್ ಹಿಂದೆ, ದಪ್ಪ ತಂತಿಯ ಕಡೆ ಇನ್ನೂ ಕೊಂಚ ಹಿಂದೆ, ಓರೆಯಾಗಿ ಕೂರಿಸಬೇಕು. ಅಲ್ಲಿ ತಪ್ಪಿದರೆ ಫ್ರೆಟ್ ಎಷ್ಟು ನಿಖರವಿದ್ದೂ ಪ್ರಯೋಜನವಿಲ್ಲ. ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್‌ನ ಎತ್ತರ, ಕತ್ತಿನ ತುದಿಯಲ್ಲಿ ತಂತಿ ಹಾಯುವ ನಟ್‌ನ ಕಚ್ಚು, ಫ್ರೆಟ್‌ಗಳ ತಲೆಯ ಸಮತಟ್ಟು ಇವೂ ಕೈ, ಕಣ್ಣು, ಕಿವಿಗೇ ಬಿಟ್ಟವು. ವೀಣೆಯಲ್ಲಿ ಕಿವಿ 24 ಕಡೆ ದುಡಿದರೆ ಗಿಟಾರಿನಲ್ಲಿ ನಾಲ್ಕಾರು ಕಡೆ ದುಡಿಯುತ್ತದೆ. ಕಡಿಮೆ ದುಡಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ದುಡಿಯುವುದೇ ಇಲ್ಲ ಎಂಬುದನ್ನು ಒಪ್ಪಲಾರೆ.

ಎರಡನೆಯ ಆಕ್ಷೇಪ ಲೆಕ್ಕಪತ್ರದ್ದು: ಕಿಟ್‌ನ ಬೆಲೆ, ಕ್ಲಾಂಪು, ಉಳಿ, ಅಂಟಿನ ಖರ್ಚು ಸೇರಿದರೆ ಅಂಗಡಿಯ ಸಿದ್ಧ ಗಿಟಾರೇ ಅಗ್ಗ, ಹೊಸಬರು ಕಟ್ಟಿದ್ದಕ್ಕಿಂತ ಅದು ಚೆನ್ನಾಗಿಯೂ ನುಡಿಯಬಹುದು. ನಿಜ. ಆದರೆ ಅಗ್ಗದ ಗಿಟಾರಿನ ಬ್ರಿಡ್ಜ್ ಎದ್ದಾಗ ಏನಾಗುತ್ತದೆ? ಬಹುಪಾಲು ಅಟ್ಟಕ್ಕೆ ಹೋಗುತ್ತದೆ. ತಂಬೂರಿ ಅಟ್ಟಕ್ಕೆ ಹೋಗಲಿಲ್ಲ. ಬುರುಡೆ ಒಡೆದರೆ ಬೇರೆ ಬುರುಡೆ ಬಂತು. ಹಾರ್ಮೋನಿಯಂ ರೀಡು ಕೂಗದಿದ್ದರೆ ಮೇಷ್ಟ್ರು ಕೆರೆದು ಕೂರಿಸಿದರು. ವಾದ್ಯವೊಂದು ಒಂದು ಊರಿಗೆ ಸೇರುವುದು ಅದನ್ನು ಕೊಳ್ಳುವವರಿಂದಲ್ಲ, ರಿಪೇರಿ ಮಾಡುವವರಿಂದ. ಕಿಟ್ ಕಟ್ಟಿದವರು ಒಮ್ಮೆಯಾದರೂ ಆ ಬ್ರಿಡ್ಜನ್ನು ತಾವೇ ಅಂಟಿಸಿರುತ್ತಾರೆ. ಎದ್ದರೆ ಭಯಪಡುವುದಿಲ್ಲ, ನೆರೆಯವರದನ್ನೂ ಕೂರಿಸಿಕೊಡುತ್ತಾರೆ. ಚರಿತ್ರೆಯ ಕಣ್ಣಿನಿಂದ ನೋಡಿದರೆ ಕಿಟ್‌ನ ನಿಜವಾದ ಸರಕು ಗಿಟಾರಲ್ಲ, ಗಿಟಾರ್ ರಿಪೇರಿಗೆ ಅಂಜದ ಮನುಷ್ಯ.

ಗುರುವಿಲ್ಲದ ವಿದ್ಯೆ ಎಂಬ ಮೂರನೆಯ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಉಳಿ ಹಿಡಿಯುವ ಕೋನ, ಅಂಟಿನ ಹದ, ಮರದ ನಾರಿನ ದಿಕ್ಕು ಪುಸ್ತಕದಿಂದ ಬರುವುದು ಕಷ್ಟ; ಸಿಂಪಾಡಿಪುರದ ಹುಡುಗ ನೋಡನೋಡುತ್ತಲೇ ಕಲಿಯುವುದನ್ನು ಕಿಟ್ ಕಟ್ಟುವವರು ಒಂದು ಹಲಗೆ ಹಾಳುಮಾಡಿ ಕಲಿಯುತ್ತಾರೆ. ಆದರೆ ಗುರುಪರಂಪರೆ ಎಂಬ ಮಾತಿಗೆ ಈ ನೆಲದಲ್ಲಿ ಇನ್ನೊಂದು ಮುಖವಿದೆ. ಚರ್ಮ ಮುಟ್ಟಬೇಕಾದ ವಾದ್ಯ ಯಾರು ಮಾಡಬೇಕು, ವೀಣೆ ಯಾರ ಮಡಿಲಲ್ಲಿರಬೇಕು ಎಂಬುದನ್ನು ಜಾತಿ ತೀರ್ಮಾನಿಸಿತ್ತು. ತಮಟೆ ಬೇಕು, ತಮಟೆಯವರು ಹೊಸಿಲ ಹೊರಗಿರಬೇಕು ಎಂದ ಊರುಗಳಿವು. ಅಚ್ಚಾದ ಸೂಚನೆಯ ಹಾಳೆ ಯಾರ ಮನೆತನವನ್ನೂ ಕೇಳುವುದಿಲ್ಲ. ತಮಾಷೆಯೆಂದರೆ ಯೂರೋಪಿನ ಗಿಟಾರ್, ವಯೊಲಿನ್ ಕುಶಲಿಗಳು ಇಂದಿಗೂ ಶ್ರೇಷ್ಠವೆಂದು ಹೊಗಳುವ ಅಂಟು ಸರೇಸು, ಅಂದರೆ ದನದ ಚರ್ಮ ಕುದಿಸಿ ತೆಗೆದದ್ದು. ಶುದ್ಧ ಶಾಸ್ತ್ರೀಯ ನಾದದ ಹೊಟ್ಟೆಯೊಳಗೂ ತಮಟೆಯ ಚರ್ಮವೇ ಕೂತಿದೆ.

ಮರದ ಮಾತಿಗೆ ಬರದೆ ಈ ವಿಷಯ ಮುಗಿಯದು, ಏಕೆಂದರೆ ಕಿಟ್‌ನ ಪೆಟ್ಟಿಗೆಯಲ್ಲಿ ಬರುವ ಕಂದು ಹಲಗೆ ಅನೇಕ ವೇಳೆ ನಮ್ಮದೇ ಬೀಟೆ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ ಬೆನ್ನು, ಪಕ್ಕಗಳಿಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿತ್ತು. ಬ್ರೆಜಿಲ್ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದ ಮೇಲೆ 1969ರ ಹೊತ್ತಿಗೆ ಭಾರತದ ಬೀಟೆಗೆ ಬದಲಾಯಿತು. ಅಂದಿನಿಂದ ಪಶ್ಚಿಮ ಘಟ್ಟದ ಬೀಟೆ ಜಗತ್ತಿನ ಗಿಟಾರುಗಳ ಬೆನ್ನಾಗಿದೆ. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ಬಂದವು. ಮಾರಾಟಕ್ಕೆಂದು ಒಂದು ಗಿಟಾರ್ ಗಡಿ ದಾಟಿಸಲೂ ಪರವಾನಗಿಯ ತಲೆನೋವು ಶುರುವಾಯಿತು. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಸಿದ್ಧ ವಾದ್ಯಗಳಿಗೂ, ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ಕೊಟ್ಟಿತು. ನಿರ್ದಿಷ್ಟ ಆಕಾರಕ್ಕೆ ತಂದು ಜೋಡಿಸಲು ತಯಾರಾದ ತುಂಡು ವಾದ್ಯದ ಭಾಗ; ಬರಿಯ ಹಲಗೆ ಇನ್ನೂ ಮರವೇ. ಮರ ಎಲ್ಲಿ ಮುಗಿದು ವಾದ್ಯ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ಕಡೆಗೆ ಅಂತರರಾಷ್ಟ್ರೀಯ ಕಾನೂನೂ ಎದುರಿಸಬೇಕಾಯಿತು, ಬಿಡಿಭಾಗಕ್ಕೆ ವಾದ್ಯದ ಮಾನ ಕೊಡಬೇಕಾಯಿತು.

ಕೋಲಾರದಲ್ಲಿ ಬೀಟೆ ಇಲ್ಲ, ಸ್ಪ್ರೂಸ್ ಕನಸಿನಲ್ಲೂ ಇಲ್ಲ. ಮಾವಿದೆ. ರಾಜ್ಯದಲ್ಲಿ ಮಾವೆಂದರೆ ಶ್ರೀನಿವಾಸಪುರ. ತೋತಾಪುರಿ, ಬೆನೆಶಾನ್, ಬಾದಾಮಿ, ರಸಪುರಿ, ಮಲ್ಲಿಕಾ ಎಂದು ತಾಲ್ಲೂಕೇ ತೋಟವಾಗಿದೆ. ಹೊಗಳಗೆರೆಯಲ್ಲಿ ಮಾವಿನ ಸಂಶೋಧನಾ ಕೇಂದ್ರವೇ ಇದೆ. ಆದರೆ ಇಲ್ಲಿ ಮಾವೆಂದರೆ ಹಣ್ಣು ಮಾತ್ರ. ಫಸಲು ನಿಂತ ಮುದಿ ಮರ ಕಡಿದರೆ ಸೌದೆಗೆ ಹೋಗುತ್ತದೆ, ಹೆಚ್ಚೆಂದರೆ ಅಗ್ಗದ ಹಲಗೆಗೆ. ಹವಾಯಿ ದ್ವೀಪಗಳಲ್ಲಿ ಉಕುಲೇಲೆ, ಗಿಟಾರುಗಳ ಬೆನ್ನು, ಪಕ್ಕಗಳಿಗೆ ಇದೇ ಮಾವಿನ ಮರವನ್ನು ಬಳಸುತ್ತಾರೆ. ಹೊಂಬಣ್ಣದ ನಡುವೆ ಕಪ್ಪು ಗೆರೆ ಹರಿದ ಹಲಗೆಗೆ ಅಲ್ಲಿ ಒಳ್ಳೆಯ ಬೆಲೆ. ಮಾವು ಅಲ್ಲಿಗೆ ಹೊರಗಿನಿಂದ ಹೋದ ಮರ. ಮಾವು ಬಲು ಬೇಗ ಹುಳು ಹಿಡಿಯುತ್ತದೆ, ಸೊಟ್ಟಗಾಗುತ್ತದೆ ಎಂದು ಬಡಗಿಗಳು ಹೇಳುವುದು ಸುಳ್ಳಲ್ಲ. ಬೇಗ ಸೀಳಿ, ನೆರಳಲ್ಲಿ ಪೇರಿಸಿ, ಗಾಳಿಯಾಡಲು ಸಂದು ಬಿಟ್ಟು ಒಣಗಿಸದಿದ್ದರೆ ಹಾಗೇ ಆಗುತ್ತದೆ. ಒಣಗಿಸಲು ಕೋಲಾರಕ್ಕಿಂತ ಒಳ್ಳೆಯ ಗಾಳಿ ಎಲ್ಲಿದೆ? ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆಯ, ಜೀವನದಿಯಿಲ್ಲದ, ಕೆರೆ ನೆಚ್ಚಿದ ನಾಡಿದು. ಬೆಳೆಗೆ ಶಾಪವಾದ ಈ ಒಣಹವೆ ಹಲಗೆಗೆ ವರ.

ಆ ಒಣಹವೆಯೇ ಕಿಟ್ ತರಿಸಿಕೊಂಡವರಿಗೆ ಮೊದಲ ಪರೀಕ್ಷೆಯೂ ಹೌದು. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ. ಹೊರದೇಶದ ಸೂಚನಾ ಪುಸ್ತಕಗಳು ಕೋಣೆಯ ಆರ್ದ್ರತೆ ಶೇಕಡ 45ರಿಂದ 50ರೊಳಗಿರಲಿ ಎನ್ನುತ್ತವೆ. ಅದನ್ನು ಅಳೆಯುವ ಸಾಧನವಿಲ್ಲದವರು ಪಂಚಾಂಗ ನೋಡಿದರೂ ಸಾಕು. ಮಳೆಗಾಲದ ತೇವದಲ್ಲಿ ಹಿಗ್ಗಿದ ಮೇಲ್ಹಲಗೆಗೆ ಅಡ್ಡಪಟ್ಟಿ ಅಂಟಿಸಿ ಬಂಧಿಸಿದರೆ, ಮಾರ್ಚಿನಲ್ಲಿ ಅದು ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಒಣಗಾಲದಲ್ಲಿ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಕೊಂಚ ಉಬ್ಬಿ ನಿಲ್ಲುತ್ತದೆ, ಒಡೆಯುವುದಿಲ್ಲ. ಶ್ರೀನಿವಾಸಪುರದಲ್ಲಿ ಗಿಟಾರ್ ಕಟ್ಟಲು ಹೊರಟವರು ಪೆಟ್ಟಿಗೆಯನ್ನು ಯಾವ ತಿಂಗಳಲ್ಲಾದರೂ ತರಿಸಿಕೊಳ್ಳಲಿ, ಮೇಲ್ಹಲಗೆಯ ಅಂಟಿನ ಕೆಲಸವನ್ನು ಮಾವು ಹೂಬಿಡುವ ಫೆಬ್ರವರಿಯವರೆಗೆ ತಡೆದಿಟ್ಟುಕೊಳ್ಳಲಿ.